ಯುದ್ಧವನ್ನು ಕುರಿತು ಟಾಲ್‌ಸ್ಟಾಯ್: ಬೋಧಕನೂ ಕಥೆಗಾರನೂ

ದೇ. ಜವರೇಗೌಡರ ಅನುವಾದದ ಮೂಲಕವೋ ಇಂಗ್ಲಿಷಿನ ಮೂಲಕವೋ 'ಯುದ್ಧ ಮತ್ತು ಶಾಂತಿ'ಯನ್ನು ಓದಿದವರು ಬೊರೊದಿನೊ ರಣರಂಗವನ್ನು ಮರೆಯಲಾರರು, ಮಾಸ್ಕೋ ನಗರ ಹೊತ್ತಿ ಉರಿದುದನ್ನೂ ಮರೆಯಲಾರರು. ಆದರೆ ಆ ಮಹಾಕಾದಂಬರಿಯೊಳಗೆ ಕೆಲವೇ ಪುಟಗಳ ಒಂದು ಸಣ್ಣ ಪ್ರಸಂಗವಿದೆ. ಅವಸರದ ಓದಿನಲ್ಲಿ ಅದು ಕೈತಪ್ಪಿ ಹೋಗುವುದುಂಟು. 1812ರ ಜುಲೈ ತಿಂಗಳು. ನೆಪೋಲಿಯನ್ನನ ಸೇನೆ ರಷ್ಯದೊಳಕ್ಕೆ ನುಗ್ಗಿದೆ. ಭಾನುವಾರದ ಆರಾಧನೆಗೆ ಬಂದ ನತಾಶಾ ಪಾದ್ರಿಯ ಪ್ರಾರ್ಥನೆಗಳನ್ನು ಮನಸ್ಸಿಟ್ಟು ಅನುಸರಿಸುತ್ತಿದ್ದಾಳೆ. ನಮ್ಮನ್ನು ದ್ವೇಷಿಸುವವರಿಗಾಗಿ ಬೇಡಿಕೊಳ್ಳುವ ಸರದಿ ಬಂದಾಗ ಆ ಹುಡುಗಿಗೆ ಶತ್ರುಗಳೇ ಸಾಲದಾಗುತ್ತಾರೆ. ತಂದೆಯ ಸಾಲಗಾರರನ್ನೂ ತನ್ನ ಬಾಳನ್ನು ಕೆಡಿಸಿದ ಅನತೋಲನನ್ನೂ ಆ ಪಟ್ಟಿಗೆ ಸೇರಿಸಿ ಅವರಿಗಾಗಿ ಸಂತೋಷದಿಂದ ಬೇಡುತ್ತಾಳೆ. ಆಮೇಲೆ, ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ, ಪಾದ್ರಿ ಮಂಡಿಯೂರಿ ಹೊಸದೊಂದು ಪ್ರಾರ್ಥನೆಯನ್ನು ಓದುತ್ತಾನೆ. ಧರ್ಮಸಭೆಯ ವರಿಷ್ಠರು ಕಳುಹಿಸಿದ ಆ ಪ್ರಾರ್ಥನೆಯಲ್ಲಿ ವೈರಿಗಳನ್ನು ಕಾಲಡಿ ತುಳಿಯಬೇಕೆಂಬ ಕೋರಿಕೆ ಇದೆ. ಕೆಲವೇ ನಿಮಿಷಗಳ ಹಿಂದೆ, ಪ್ರೀತಿಸುವುದಕ್ಕಾಗಿಯೇ ಇನ್ನಷ್ಟು ಶತ್ರುಗಳಿದ್ದರೆ ಚೆನ್ನಿತ್ತು ಎಂದುಕೊಂಡವಳಿಗೆ ಈಗ ಹಾಗೆ ಬೇಡಲು ಆಗುವುದಿಲ್ಲ. ಆ ಪ್ರಾರ್ಥನೆ ತಪ್ಪೆಂದು ಹೇಳುವ ಧೈರ್ಯವೂ ಅವಳಿಗಿಲ್ಲ. ಎಲ್ಲರನ್ನೂ ಕ್ಷಮಿಸು, ನನ್ನನ್ನೂ ಕ್ಷಮಿಸು ಎಂದು ಬೇಡಿಕೊಂಡು ಸುಮ್ಮನಾಗುತ್ತಾಳೆ.

ಒಂದೇ ಆರಾಧನೆ, ಒಬ್ಬನೇ ಪಾದ್ರಿ, ಎರಡು ಪ್ರಾರ್ಥನೆ. ಯುದ್ಧವನ್ನು ಕುರಿತ ಕ್ರೈಸ್ತ ಚಿಂತನೆಯ ಹದಿನೆಂಟು ಶತಮಾನಗಳ ಇಕ್ಕಟ್ಟು ಇಷ್ಟರಲ್ಲಿ ಅಡಗಿದೆ. 1869ರಲ್ಲಿ ಕಾದಂಬರಿ ಮುಗಿದಾಗ ಟಾಲ್‌ಸ್ಟಾಯ್ ಈ ಗಂಟನ್ನು ಬಿಚ್ಚದೆ ಹಾಗೆಯೇ ಬಿಟ್ಟಿದ್ದನು. ಮುಂದೆ ವೃದ್ಧಾಪ್ಯದಲ್ಲಿ ಎರಡು ಬಗೆಯಾಗಿ ಅದಕ್ಕೆ ಹಿಂದಿರುಗಿದನು. ಒಂದು, 'ದೇವರ ರಾಜ್ಯ ನಿನ್ನೊಳಗೇ ಇದೆ' ಎಂಬ ವಿಚಾರಗ್ರಂಥ. ಇನ್ನೊಂದು, 'ಹಾಜಿ ಮುರಾದ್' ಎಂಬ ನೀಳ್ಗತೆ. ಮೊದಲನೆಯದು ಗಾಂಧೀಜಿಯವರ ಹೆಸರಿನೊಡನೆ ಬೆಸೆದುಕೊಂಡು ಲೋಕಪ್ರಸಿದ್ಧವಾಗಿದೆ. ಎರಡನೆಯದನ್ನು ಯುದ್ಧನೀತಿಯ ಚರ್ಚೆಯಲ್ಲಿ ಯಾರೂ ಎತ್ತಿಕೊಳ್ಳುವುದಿಲ್ಲ. ಗ್ರಂಥವು ಅವಸರದಿಂದ ಉತ್ತರಿಸಿದ ಒಂದು ಪ್ರಶ್ನೆಯನ್ನು ಕಥೆ ಪ್ರಾಮಾಣಿಕವಾಗಿ ಹೊತ್ತು ನಡೆಯುತ್ತದೆ ಎಂಬುದು ನನ್ನ ವಾದ.

ಎರಡನೆಯ ಪ್ರಾರ್ಥನೆ ಚರ್ಚಿನೊಳಗೆ ಬಂದ ಬಗೆಯನ್ನು ಮೊದಲು ಚುಟುಕಾಗಿ ನೋಡೋಣ. ಯೇಸು ಪರ್ವತ ಪ್ರಸಂಗದಲ್ಲಿ ಕೆಟ್ಟದ್ದಕ್ಕೆ ಕೆಟ್ಟದ್ದರಿಂದ ಎದುರು ನಿಲ್ಲಬೇಡಿ, ವೈರಿಗಳನ್ನು ಪ್ರೀತಿಸಿ ಎಂದು ಬೋಧಿಸಿದನು. ಮೊದಲ ಮೂರು ಶತಮಾನಗಳ ಕ್ರೈಸ್ತ ಲೇಖಕರಲ್ಲಿ ಹಲವರು ಇದನ್ನು ಇದ್ದಕ್ಕಿದ್ದಂತೆಯೇ ಗ್ರಹಿಸಿದರು. ಉತ್ತರ ಆಫ್ರಿಕದ ಟರ್ಟುಲಿಯನ್ ಸೈನಿಕವೃತ್ತಿ ಕ್ರೈಸ್ತನಿಗೆ ಸಲ್ಲದೆಂದು ಬರೆದನು. ಅದೇ ನಾಡಿನ ಮ್ಯಾಕ್ಸಿಮಿಲಿಯನ್ ಎಂಬ ತರುಣ 295ರಲ್ಲಿ, ತಾನು ಕ್ರೈಸ್ತನಾದುದರಿಂದ ಸೇನೆಗೆ ಸೇರಲಾರೆನೆಂದು ಹೇಳಿ ತಲೆ ಕೊಟ್ಟನು. ಹಾಗೆಂದು ಆಗಿನ ರೋಮನ್ ಸೇನೆಯಲ್ಲಿ ಕ್ರೈಸ್ತರೇ ಇರಲಿಲ್ಲವೆಂದಲ್ಲ; ಇದ್ದರು. ಅಂದರೆ ಇಕ್ಕಟ್ಟು ಆಗಲೇ ಇತ್ತು. ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತಮತದ ಪರವಾದ ಮೇಲೆ ರಾಜ್ಯದ ಖಡ್ಗ ಕ್ರೈಸ್ತರ ಕೈಗೇ ಬಂದಿತು. ಆ ಖಡ್ಗವನ್ನು ಹೇಗೆ ಹಿಡಿಯಬೇಕೆಂದು ಯೋಚಿಸುವ ಹೊರೆ ಹಿಪ್ಪೋ ನಗರದ ಬಿಷಪ್ ಅಗಸ್ಟೀನನ ಮೇಲೆ ಬಿದ್ದಿತು.

ಅಗಸ್ಟೀನನೆಂದರೆ ಯುದ್ಧಕ್ಕೆ ಪರವಾನಗಿ ಕೊಟ್ಟವನು ಎಂದು ಹೇಳಿಬಿಡುವುದು ಸುಲಭ. ಟಾಲ್‌ಸ್ಟಾಯ್ ಅಭಿಮಾನಿಗಳು ಬಹುಮಟ್ಟಿಗೆ ಹಾಗೆಯೇ ಹೇಳುತ್ತಾರೆ. ಆದರೆ ಅವನ ನಿಲುವು ಅಷ್ಟು ಸರಳವಲ್ಲ. ತನ್ನ ಪ್ರಾಣ ಉಳಿಸಿಕೊಳ್ಳಲು ಖಾಸಗಿ ಮನುಷ್ಯನೊಬ್ಬನು ಇನ್ನೊಬ್ಬನನ್ನು ಕೊಲ್ಲುವುದನ್ನು ಅವನು ಒಪ್ಪುವುದಿಲ್ಲ. ಅವನು ಒಪ್ಪುವುದು, ಅಧಿಕಾರದ ಹೊಣೆ ಹೊತ್ತವನು ಇತರರ ರಕ್ಷಣೆಗಾಗಿ ಬಲ ಬಳಸುವುದನ್ನು ಮಾತ್ರ. 'ದೇವರ ನಗರ' ಗ್ರಂಥದ ಹತ್ತೊಂಬತ್ತನೆಯ ಭಾಗದಲ್ಲಿ, ನ್ಯಾಯವಾದ ಯುದ್ಧಕ್ಕಾಗಿಯೂ ವಿವೇಕಿಯು ದುಃಖಿಸಬೇಕು, ದುಃಖವಿಲ್ಲದೆ ಅದನ್ನು ನೆನೆಯುವವನು ಮನುಷ್ಯಭಾವವನ್ನೇ ಕಳೆದುಕೊಂಡಿದ್ದಾನೆ ಎಂಬ ಅಭಿಪ್ರಾಯವಿದೆ. 430ರಲ್ಲಿ ವ್ಯಾಂಡಲರು ಹಿಪ್ಪೋ ನಗರಕ್ಕೆ ಮುತ್ತಿಗೆ ಹಾಕಿದ್ದಾಗಲೇ ಅವನು ತೀರಿಕೊಂಡನು. ಕೋಟೆಯ ಗೋಡೆಯಾಚೆ ಶತ್ರುಸೇನೆಯನ್ನು ಇಟ್ಟುಕೊಂಡು ಕಣ್ಣು ಮುಚ್ಚಿದವನ ಮಾತಿಗೆ ಒಂದು ತೂಕವುಂಟು. ಮುಂದೆ ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ಈ ಚಿಂತನೆಗೆ ಮೂರು ನಿಬಂಧನೆಗಳ ರೂಪ ಕೊಟ್ಟನು: ಅಧಿಕಾರವುಳ್ಳ ಆಳುವವನ ಆಜ್ಞೆ, ನ್ಯಾಯವಾದ ಕಾರಣ, ಸದುದ್ದೇಶ. ನಿಬಂಧನೆಗಳು ಉಳಿದವು, ದುಃಖ ಮಾತ್ರ ಕಾಲಕ್ರಮದಲ್ಲಿ ಸೋರಿಹೋಯಿತು. ನತಾಶಾಳ ಪಾದ್ರಿ ಓದಿದ ಪ್ರಾರ್ಥನೆಯಲ್ಲಿ ದುಃಖದ ಸುಳಿವೇ ಇಲ್ಲ.

'ದೇವರ ರಾಜ್ಯ ನಿನ್ನೊಳಗೇ ಇದೆ' ಗ್ರಂಥವನ್ನು ರಷ್ಯದ ಸರ್ಕಾರ ಅಚ್ಚಾಗಲು ಬಿಡಲಿಲ್ಲ. 1894ರಲ್ಲಿ ಅದು ಜರ್ಮನಿಯಲ್ಲಿ ಪ್ರಕಟವಾಯಿತು. ಅದೇ ವರ್ಷ ಕಾನ್‌ಸ್ಟನ್ಸ್ ಗಾರ್ನೆಟ್ ಎಂಬಾಕೆಯ ಇಂಗ್ಲಿಷ್ ಅನುವಾದವೂ ಬಂದಿತು. ದಕ್ಷಿಣ ಆಫ್ರಿಕದಲ್ಲಿದ್ದ ತರುಣ ಗಾಂಧಿ ಅದನ್ನು ಓದಿ ಮಾರುಹೋದುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇಷ್ಟು ಹೆಸರುವಾಸಿಯಾದ ಪುಸ್ತಕವನ್ನು ಓದಲು ಕೂತವರಿಗೆ ಮೊದಮೊದಲು ನಿರಾಸೆಯಾಗುವುದು ಸಹಜ. ಹೇಳಿದ್ದನ್ನೇ ಹೇಳುವ ಚಾಳಿ ಅದರಲ್ಲಿದೆ. ತನ್ನ ಹಿಂದಿನ ಪುಸ್ತಕಕ್ಕೆ ಬಂದ ಟೀಕೆಗಳಿಗೆ ಉತ್ತರ, ಚರ್ಚಿನ ಮೇಲೆ ಏಕಪಕ್ಷೀಯವಾದ ಆಪಾದನೆ, ಎದುರಾಳಿಗಳ ಮಾತಿನ ಉದ್ದುದ್ದ ಉದ್ಧರಣೆ. ನಮ್ಮ ವಿದ್ಯಾರ್ಥಿ ಯಾವನಾದರೂ ಹೀಗೆ ಪ್ರಬಂಧ ಬರೆದಿದ್ದರೆ ಅಂಚಿನಲ್ಲಿ ಕೆಂಪು ಶಾಯಿ ತುಂಬಿರುತ್ತಿತ್ತು! ಚರ್ಚಿನ ಇತಿಹಾಸವನ್ನೆಲ್ಲ ಒಂದು ಮೋಸವೆಂದು ತಳ್ಳಿಹಾಕುವಾಗ ಅಗಸ್ಟೀನನ ದುಃಖಕ್ಕೆ ಅಲ್ಲಿ ಜಾಗವೇ ಇಲ್ಲ.

ಆದರೂ ಈ ಪುಸ್ತಕವನ್ನು ಬದಿಗಿಡಲಾಗದು. ಕಾರಣ, ಅದು ಪ್ರಶ್ನೆಯ ದಿಕ್ಕನ್ನೇ ಬದಲಿಸಿತು. ಅಲ್ಲಿಯವರೆಗೆ ಪಂಡಿತರು ಚರ್ಚಿಸುತ್ತಿದ್ದುದು ಆಳುವವನನ್ನು ಕುರಿತು: ದೊರೆ ಯಾವಾಗ ಯುದ್ಧ ಹೂಡಬಹುದು? ಟಾಲ್‌ಸ್ಟಾಯ್ ಕೇಳಿದ್ದು ಬಂದೂಕು ಹಿಡಿದವನನ್ನು: ನೀನೇಕೆ ಹಿಡಿದೆ? ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಖಂಡಕಾವ್ಯದಿಂದ ಯೇಸುವಿನ ಕೊನೆಯ ದಿನವನ್ನು ಬಲ್ಲವರು ನಾವು, ಕಾಸರಗೋಡಿನ ಕನ್ನಡಿಗರು. ಶಿಲುಬೆಯ ಕಥೆಯಲ್ಲಿ ದೂರು ತಂದವರು ಕೆಲವರು, ಕೂಗಿದವರು ಹಲವರು, ತೀರ್ಪಿತ್ತವನು ಪಿಲಾತ. ಆದರೆ ಮೊಳೆ ಹೊಡೆದ ಕೈ ಯಾರದು? ಅಪ್ಪಣೆ ಪಾಲಿಸಿದ ಆ ಸಿಪಾಯಿಯ ಹೆಸರನ್ನು ಸುವಾರ್ತೆಗಳು ಹೇಳುವುದಿಲ್ಲ. ಟಾಲ್‌ಸ್ಟಾಯ್ ಗ್ರಂಥ ಮಾತನಾಡಿಸುವುದು ಅಂಥವನನ್ನೇ.

ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಈ ಮಾತು ಕಣ್ಣಿಗೆ ಕಟ್ಟುತ್ತದೆ. 1892ರ ಸೆಪ್ಟೆಂಬರ್ 9. ಬರಗಾಲದ ಪರಿಹಾರಕಾರ್ಯಕ್ಕಾಗಿ ಟಾಲ್‌ಸ್ಟಾಯ್ ರೈಲಿನಲ್ಲಿ ಹೊರಟಿದ್ದಾನೆ. ನಿಲ್ದಾಣವೊಂದರಲ್ಲಿ ಇನ್ನೊಂದು ರೈಲು ಎದುರಾಗುತ್ತದೆ. ಅದರಲ್ಲಿ ಪ್ರಾಂತದ ರಾಜ್ಯಪಾಲ, ಬಂದೂಕು ಹಿಡಿದ ಸೈನಿಕರು, ಮತ್ತು ರೈತರನ್ನು ಹೊಡೆಯಲು ಕಟ್ಟುಕಟ್ಟಾಗಿ ಬೆತ್ತಗಳು. ಜಮೀನುದಾರನೊಬ್ಬನೊಡನೆ ಕಾಡಿನ ಹಕ್ಕಿಗಾಗಿ ಜಗಳವಾಡಿದ ರೈತರಿಗೆ ಪಾಠ ಕಲಿಸಲು ಇವರು ಹೊರಟಿದ್ದಾರೆ. ಬಂದೂಕು ಹಿಡಿದವರೂ ರೈತರ ಮಕ್ಕಳೇ. ನಗುಮೊಗದ, ಸಾಧು ಸ್ವಭಾವದ ಹುಡುಗರು. ಇವರಲ್ಲಿ ಯಾರೂ ಕ್ರೂರಿಗಳಲ್ಲ ಎಂಬುದೇ ಟಾಲ್‌ಸ್ಟಾಯ್‌ಗೆ ಸಹಿಸಲಾಗದ ಸಂಗತಿ. ಅರ್ಜಿ ಬರೆದವನು ಒಬ್ಬ, ತೀರ್ಮಾನಿಸಿದವನು ಇನ್ನೊಬ್ಬ, ಸಹಿ ಹಾಕಿದವನು ಮತ್ತೊಬ್ಬ, ಹೊಡೆಯುವವನು ಮಗದೊಬ್ಬ. ಹೆಣೆದ ಬುಟ್ಟಿಯಲ್ಲಿ ಕಡ್ಡಿಯ ತುದಿ ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂದು ಕಾಣದ ಹಾಗೆ ಹೊಣೆ ಕಾಣೆಯಾಗಿರುತ್ತದೆ ಎಂಬುದು ಅವನದೇ ಹೋಲಿಕೆ. ಅದಕ್ಕೆ ಕೆಲವು ಅಧ್ಯಾಯಗಳ ಹಿಂದೆ, ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ 1891ರಲ್ಲಿ ಹೊಸ ಸೈನಿಕರಿಗೆ ಮಾಡಿದ ಭಾಷಣವನ್ನು ಅವನು ಎತ್ತಿಕೊಳ್ಳುತ್ತಾನೆ. ನಾನು ಆಜ್ಞಾಪಿಸಿದರೆ ನಿಮ್ಮ ಒಡಹುಟ್ಟಿದವರ ಮೇಲೂ ಹೆತ್ತವರ ಮೇಲೂ ನೀವು ಗುಂಡು ಹಾರಿಸಬೇಕು ಎಂಬುದು ಆ ಭಾಷಣದ ಸಾರ. ಉಳಿದ ಆಳುವವರು ಬಚ್ಚಿಟ್ಟ ಮಾತನ್ನು ಈತ ಬಾಯಿಬಿಟ್ಟು ಆಡಿದ್ದಾನೆ ಎನ್ನುವಲ್ಲಿ ಟಾಲ್‌ಸ್ಟಾಯ್ ವ್ಯಂಗ್ಯ ಚೂಪಾಗಿದೆ.

ಇಲ್ಲಿಯವರೆಗೆ ಅವನ ಮಾತನ್ನು ಅಲ್ಲಗಳೆಯುವುದು ಕಷ್ಟ. ತೊಡಕು ಬರುವುದು ಮುಂದೆ. ಮಗುವೊಂದನ್ನು ಕೊಲ್ಲಲು ದರೋಡೆಕೋರನೊಬ್ಬನು ಕೈಯೆತ್ತಿದರೆ ಎದುರಿಗಿರುವವನು ಏನು ಮಾಡಬೇಕು? ಅಹಿಂಸಾವಾದಿಗಳನ್ನು ಇಡೀ ಲೋಕ ಕೇಳುವ ಪ್ರಶ್ನೆ ಇದು. 1896ರಲ್ಲಿ ಅಮೆರಿಕದ ಕ್ರಾಸ್ಬಿಗೆ ಬರೆದ ದೀರ್ಘ ಪತ್ರದಲ್ಲಿ ಟಾಲ್‌ಸ್ಟಾಯ್ ಇದನ್ನು ಎದುರಿಸುತ್ತಾನೆ. ಆ ಕಾಲ್ಪನಿಕ ದರೋಡೆಕೋರನನ್ನು ನಾವು ಯಾರೂ ಕಂಡಿಲ್ಲ. ಅವನ ಹೆಸರು ಹೇಳಿಕೊಂಡು ಹಿಂಸೆ ನಡೆಸುವ ಅಧಿಕಾರವನ್ನು ದಿನವೂ ಕಾಣುತ್ತೇವೆ. ಅವನ ಉತ್ತರದ ತಿರುಳು ಇಷ್ಟು. ಜಾಣ ಉತ್ತರ, ಅರ್ಧ ನಿಜವೂ ಹೌದು. ಆದರೆ ಮಗುವಿನ ತಾಯಿಗೆ ಇದು ಉತ್ತರವಾಗಲಾರದು. ಅಗಸ್ಟೀನನು ನಿಂತಿದ್ದುದು ಈ ಜಾಗದಲ್ಲಿಯೇ. ನನ್ನ ಕೆನ್ನೆಯನ್ನು ನಾನು ಒಡ್ಡಬಹುದು, ಇನ್ನೊಬ್ಬರ ಮಗುವಿನ ಕೆನ್ನೆಯನ್ನು ಒಡ್ಡುವ ಹಕ್ಕು ನನಗೆಲ್ಲಿದೆ?

ಗ್ರಂಥದ ಒಳಗೇ ಈ ಬಿರುಕು ಕಾಣುತ್ತದೆ. ಟಾಲ್‌ಸ್ಟಾಯ್ ಮೊದಲ ಅಧ್ಯಾಯದಲ್ಲಿ ಗೌರವದಿಂದ ನೆನೆಯುವ ಅಮೆರಿಕದ ವಿಲಿಯಂ ಲಾಯ್ಡ್ ಗ್ಯಾರಿಸನ್ 1838ರಲ್ಲಿ ಅಪ್ರತಿರೋಧದ ಘೋಷಣೆಯನ್ನು ರಚಿಸಿದವನು. ಗುಲಾಮಗಿರಿಯ ವಿರುದ್ಧ ಬಾಳೆಲ್ಲ ಹೋರಾಡಿದವನೂ ಅವನೇ. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಆತ ಉತ್ತರದ ರಾಜ್ಯಗಳ ಪರ ನಿಂತನು. ಅವನ ಹಿರಿಯ ಮಗ ಕರಿಯರ ದಳವೊಂದರಲ್ಲಿ ಅಧಿಕಾರಿಯಾಗಿ ಯುದ್ಧಕ್ಕೆ ಹೋದನು. ಇಷ್ಟು ದೊಡ್ಡ ಸಂಕಟಕ್ಕೆ ಈ ಪುಸ್ತಕದಲ್ಲಿ ತಕ್ಕ ಸ್ಥಾನ ದೊರೆತಿಲ್ಲ. ಗಾಂಧೀಜಿಯವರೂ ಈ ದಾರಿಯಲ್ಲಿ ಒಂದೇ ಗೆರೆ ಹಿಡಿದು ನಡೆದವರಲ್ಲ. ಗ್ರಂಥವನ್ನು ಮೆಚ್ಚಿದ ಮೇಲೆಯೇ ಬೋಯರ್ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷಾದಳ ಕಟ್ಟಿದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೇನೆಗೆ ಜನ ಸೇರಿಸಲು ಊರೂರು ತಿರುಗಿದರು. ಶಿಷ್ಯನನ್ನು ಕೀಳು ಮಾಡಲು ಇದನ್ನು ಹೇಳುತ್ತಿಲ್ಲ. ಗುರುವಿನ ಗ್ರಂಥ ಒಪ್ಪಿಕೊಂಡದ್ದಕ್ಕಿಂತ ಪ್ರಶ್ನೆ ಬಿಗಿಯಾದದ್ದು ಎಂಬುದಕ್ಕೆ ಇದು ಸಾಕ್ಷಿ.

ಈಗ 'ಹಾಜಿ ಮುರಾದ್' ಕಡೆಗೆ ಬರೋಣ. ಅದನ್ನು ಟಾಲ್‌ಸ್ಟಾಯ್ ಬರೆಯತೊಡಗಿದ್ದು ಅದೇ 1896ರಲ್ಲಿ. 1904ರವರೆಗೆ ಮತ್ತೆ ಮತ್ತೆ ತಿದ್ದಿದನು. ತಾನು ಬದುಕಿರುವಾಗ ಪ್ರಕಟಿಸಲಿಲ್ಲ. ಅವನು ತೀರಿಕೊಂಡ ಮೇಲೆ 1912ರಲ್ಲಿ ಅದು ಹೊರಬಂದಿತು. ಹಗಲೆಲ್ಲ ಅಹಿಂಸೆಯನ್ನು ಬೋಧಿಸುತ್ತಿದ್ದವನು ತನ್ನ ಯೌವನದಲ್ಲಿ ಕಂಡ ಕಾಕಸಸ್ ಬೆಟ್ಟಗಳ ಯುದ್ಧವನ್ನೂ ಅಲ್ಲಿಯ ಕಡುಗಲಿಯೊಬ್ಬನನ್ನೂ ಬಿಡಲಾರದೆ ಬರೆಯುತ್ತಿದ್ದನು! ನಾಯಕ ಹಾಜಿ ಮುರಾದ್ ಇತಿಹಾಸದಲ್ಲಿದ್ದ ವ್ಯಕ್ತಿ. ಬೆಟ್ಟದ ಜನರ ಮುಖಂಡ ಶಾಮಿಲನೊಡನೆ ವೈರ ಕಟ್ಟಿಕೊಂಡು 1851ರಲ್ಲಿ ರಷ್ಯನ್ನರ ಕಡೆ ಬಂದನು. ಶಾಮಿಲನ ಸೆರೆಯಲ್ಲಿದ್ದ ತನ್ನ ಕುಟುಂಬವನ್ನು ಬಿಡಿಸಲು ರಷ್ಯನ್ನರು ನೆರವಾಗುವುದಿಲ್ಲವೆಂದು ಕಂಡು 1852ರಲ್ಲಿ ತಪ್ಪಿಸಿಕೊಂಡು ಹೊರಟು ಹೋರಾಡುತ್ತ ಸತ್ತನು. ಉತ್ತ ಹೊಲದಲ್ಲಿ ಮುರಿದುಬಿದ್ದರೂ ನೆಟ್ಟಗೆ ನಿಂತ ಮುಳ್ಳುಗಿಡದ ನೆನಪಿನಿಂದ ಕಥೆ ಆರಂಭವಾಗುತ್ತದೆ. ಆ ಗಿಡವನ್ನು ನೋಡುವ ಕಣ್ಣಿನಲ್ಲಿ ಮೆಚ್ಚುಗೆಯಲ್ಲದೆ ಬೇರೇನೂ ಇಲ್ಲ.

ಕಥೆಯ ಹದಿನೈದನೆಯ ಅಧ್ಯಾಯದಲ್ಲಿ ಚಕ್ರವರ್ತಿ ಒಂದನೆಯ ನಿಕೋಲಸ್ ಬರುತ್ತಾನೆ. ಅಪರಾಧಿಯಾದ ವಿದ್ಯಾರ್ಥಿಯೊಬ್ಬನ ಕಾಗದ ಅವನ ಮುಂದಿದೆ. ಮರಣದಂಡನೆ ನಮ್ಮ ದೇಶದಲ್ಲಿಲ್ಲ, ಅದನ್ನು ತರುವವನು ನಾನಾಗಲಾರೆ ಎಂದು ದೇವರನ್ನು ನೆನೆದು, ಸಾವಿರ ಮಂದಿ ಸೈನಿಕರ ಸಾಲಿನ ನಡುವೆ ಆ ಹುಡುಗನನ್ನು ಹನ್ನೆರಡು ಸಲ ಹಾಯಿಸಬೇಕೆಂದು ಬರೆಯುತ್ತಾನೆ. ಹನ್ನೆರಡು ಸಾವಿರ ಏಟು. ಯಾವ ದೇಹವೂ ಅಷ್ಟನ್ನು ತಾಳದೆಂದು ಅವನು ಬಲ್ಲ. ರೈಲಿನಲ್ಲಿ ಕಂಡ ಬೆತ್ತದ ಕಟ್ಟುಗಳು ಇಲ್ಲಿ ಅರಮನೆಯ ಮೇಜಿನ ಮೇಲಿವೆ. ಗ್ರಂಥದಲ್ಲಿ ಪುಟಗಟ್ಟಲೆ ವಾದಿಸಿದ ಕಪಟವನ್ನು ಕಥೆ ಕೆಲವೇ ಸಾಲಿನಲ್ಲಿ, ಲೇಖಕನ ಒಂದು ಬೈಗುಳವೂ ಇಲ್ಲದೆ, ತೋರಿಸಿಬಿಡುತ್ತದೆ.

ಅದೇ ಚಕ್ರವರ್ತಿಯ ಆಜ್ಞೆಯಂತೆ ಬೆಟ್ಟದ ಹಳ್ಳಿಯೊಂದರ ಮೇಲೆ ದಾಳಿ ನಡೆಯುತ್ತದೆ. ಕಥೆಯ ಆರಂಭದಲ್ಲಿ ಹಾಜಿ ಮುರಾದನಿಗೆ ಆಶ್ರಯವಿತ್ತ ಸಾದೊ ಎಂಬವನ ಹಳ್ಳಿ ಅದು. ಅತಿಥಿಯನ್ನು ಅಂದು ಬೆರಗಿನಿಂದ ನೋಡುತ್ತಿದ್ದ ಹೊಳೆವ ಕಣ್ಣಿನ ಹುಡುಗ, ಸಾದೊವಿನ ಮಗ, ಬೆನ್ನಿಗೆ ಬಂದೂಕಿನ ಈಟಿ ಹೊಕ್ಕು ಸತ್ತುಬಿದ್ದಿದ್ದಾನೆ. ಅಜ್ಜನ ಜೇನುಗೂಡುಗಳನ್ನು ಸುಟ್ಟಿದ್ದಾರೆ. ನೀರಿನ ಬುಗ್ಗೆಯನ್ನೂ ಮಸೀದಿಯನ್ನೂ ಹೊಲಸು ಮಾಡಿದ್ದಾರೆ. ದರೋಡೆಕೋರನ ಕೈಯಲ್ಲಿ ಸಿಕ್ಕ ಆ ಕಾಲ್ಪನಿಕ ಮಗು ಇಲ್ಲಿ ನಿಜವಾದ ಮಗುವಾಗಿದೆ. ಕೊಂದವನು ಕ್ರೈಸ್ತ ಚಕ್ರವರ್ತಿಯ ಸೈನಿಕ. ಟಾಲ್‌ಸ್ಟಾಯ್ ವಾದ ಇಲ್ಲಿ ಗೆದ್ದಂತೆ ತೋರುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹಳ್ಳಿಯ ಹಿರಿಯರು ಸೇರುತ್ತಾರೆ. ರಷ್ಯನ್ನರ ಬಗ್ಗೆ ಅವರಿಗಿರುವುದು ದ್ವೇಷವೆಂದು ಕರೆಯಲೂ ಆಗದ ಅಸಹ್ಯ. ಮುಂದೇನು? ಶರಣಾಗಬೇಕು, ಇಲ್ಲವೇ ಶಾಮಿಲನ ನೆರವು ಕೇಳಬೇಕು. ಅವರು ಶಾಮಿಲನಿಗೆ ದೂತರನ್ನು ಕಳುಹಿಸಲು ತೀರ್ಮಾನಿಸಿ ಮನೆಗಳನ್ನು ಮತ್ತೆ ಕಟ್ಟಿಕೊಳ್ಳತೊಡಗುತ್ತಾರೆ. ಅಂದರೆ, ಮತ್ತೆ ಯುದ್ಧ. ವೈರಿಗಳನ್ನು ಪ್ರೀತಿಸಬೇಕೆಂದು ಲೋಕಕ್ಕೆಲ್ಲ ಬೋಧಿಸಿದ ಲೇಖಕ ಈ ಹಿರಿಯರಿಗೆ ಒಂದು ಮಾತನ್ನೂ ಹೇಳುವುದಿಲ್ಲ. ಮಗನ ಹೆಣದ ಮುಂದೆ ನಿಂತ ತಂದೆಗೆ ಅಪ್ರತಿರೋಧವನ್ನು ಉಪದೇಶಿಸುವ ಸ್ಥಾನ ರಷ್ಯನ್ನನಾದ ತನಗಿಲ್ಲ ಎಂದು ಕಥೆಗಾರನಿಗೆ ಹೊಳೆದಿರಬೇಕು. ಈ ಮೌನವನ್ನು ಕೆಲವರು ಕಲಾವಿದನು ಬೋಧಕನಿಗೆ ಮಾಡಿದ ದ್ರೋಹವೆನ್ನಬಹುದು. ನನಗೆ ಹಾಗೆ ತೋರುವುದಿಲ್ಲ. ಬೋಧಕನ ಮಾತು ಯಾರಿಗೆ ಸಲ್ಲಬೇಕೋ ಅವರಿಗೆ ಮಾತ್ರ, ಅಂದರೆ ಈಟಿ ಹಿಡಿದವರಿಗೆ ಮಾತ್ರ, ಸಲ್ಲುವ ಹಾಗೆ ಕಥೆ ಅದರ ಮೇರೆಯನ್ನು ಗುರುತಿಸಿದೆ.

ಈಟಿ ಹಿಡಿದವನು ಆ ಮಾತನ್ನು ನಿಜವಾಗಿ ಕೇಳಿದರೆ ಏನಾದೀತು? ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೊಂದು ನಿದರ್ಶನ ದೊರೆಯಿತು. ಆಸ್ಟ್ರಿಯದ ಫ್ರಾಂಟ್ಸ್ ಯೇಗರ್‌ಸ್ಟೆಟರ್ ಒಬ್ಬ ರೈತ, ಹೆಂಡತಿ ಮಕ್ಕಳುಳ್ಳವನು. ಹಿಟ್ಲರನ ಸೇನೆಯಲ್ಲಿ ಹೋರಾಡಲು ಅವನು ಒಪ್ಪಲಿಲ್ಲ. ಸಂಸಾರದ ಹೊಣೆಯನ್ನು ನೆನೆ ಎಂದು ಅವನ ಬಿಷಪರೇ ಬುದ್ಧಿ ಹೇಳಿದರು. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. 2007ರಲ್ಲಿ ಅದೇ ಕ್ಯಾಥೊಲಿಕ್ ಚರ್ಚು ಅವನನ್ನು ಧನ್ಯನೆಂದು ಘೋಷಿಸಿದಾಗ ತೊಂಬತ್ತು ದಾಟಿದ ಅವನ ಹೆಂಡತಿ ಫ್ರಾಂಟ್ಸಿಸ್ಕಾ ಅಲ್ಲಿದ್ದಳು. ಅದೇ ಹಿಟ್ಲರನ ಕಾಲದಲ್ಲಿ ಜರ್ಮನಿಯ ಪಾದ್ರಿ ಡೀಟ್ರಿಖ್ ಬಾನ್‌ಹೋಫರ್, ಗಾಂಧೀಜಿಯವರ ಆಶ್ರಮಕ್ಕೆ ಬರಲು 1934ರಲ್ಲಿ ಆಹ್ವಾನ ಪಡೆದಿದ್ದವನು, ಬರಲಾಗದೆ ಕೊನೆಗೆ ಹಿಟ್ಲರನ ವಿರುದ್ಧದ ಒಳಸಂಚಿನಲ್ಲಿ ಸೇರಿ 1945ರಲ್ಲಿ ಗಲ್ಲಿಗೇರಿದನು. ಇಬ್ಬರೂ ಪರ್ವತ ಪ್ರಸಂಗವನ್ನು ಎದೆಗೆ ಹಚ್ಚಿಕೊಂಡವರೇ. ಒಬ್ಬನನ್ನು ಮೆಚ್ಚಿ ಇನ್ನೊಬ್ಬನನ್ನು ತೂಗಿ ಕಡಿಮೆ ಮಾಡುವ ತಕ್ಕಡಿ ನನ್ನಲ್ಲಿಲ್ಲ.

'ಹಾಜಿ ಮುರಾದ್' ಕಥೆಯನ್ನು ಓದುವ ಸಂಘದ ಸದಸ್ಯರು ಅದರ ಎಂಟನೆಯ ಅಧ್ಯಾಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಬೇಕೆಂದು ನನ್ನ ಕೋರಿಕೆ. ನಾಯಕನಿಗೂ ಆ ಅಧ್ಯಾಯಕ್ಕೂ ನೇರ ಸಂಬಂಧವಿಲ್ಲ. ಪೇತ್ರ ಅವ್ದೇಯೆವ್ ಎಂಬ ಸಾಮಾನ್ಯ ಸೈನಿಕನೊಬ್ಬ ಒಂದು ಸಣ್ಣ ಚಕಮಕಿಯಲ್ಲಿ ಗುಂಡು ತಗಲಿ ಸಾಯುತ್ತಾನೆ. ಬೆಟ್ಟದ ಜನರ ಕಡೆ ನೂರು ಮಂದಿ ಸತ್ತು ಗಾಯಗೊಂಡರೆಂದು ಸೇನೆಯ ವರದಿ ಹೇಳುತ್ತದೆ, ಅದು ಸುಳ್ಳು. ಅತ್ತ ಅವನ ಹಳ್ಳಿಯ ಕಣದಲ್ಲಿ ಒಕ್ಕಣೆ ನಡೆದಿದೆ. ಮಕ್ಕಳಿದ್ದ ಅಣ್ಣನ ಬದಲಿಗೆ ಪೇತ್ರ ಸೇನೆಗೆ ಹೋದವನು. ಮುದುಕ ತಂದೆ ಈಗ ಹಲ್ಲು ಕಚ್ಚುತ್ತಾನೆ, ಒಳ್ಳೆಯ ದುಡಿಮೆಗಾರನನ್ನು ಕಳುಹಿಸಿಬಿಟ್ಟೆನಲ್ಲ ಎಂದು. ಊರಿನಲ್ಲಿ ಉಳಿದ ಹೆಂಡತಿ ಬೇರೊಬ್ಬನಿಂದ ಬಸುರಾಗಿದ್ದಾಳೆ. ಗಂಡ ಸತ್ತ ಸುದ್ದಿ ಬಂದಾಗ ಎಲ್ಲರೆದುರು ಗೋಳಾಡಿದರೂ ಒಳಗೊಳಗೆ ಅವಳಿಗೆ ನಿರಾಳವಾಗುತ್ತದೆ. ತಾಯಿ ಮಗನಿಗೆ ಕಾಗದ ಬರೆಸಿ ಅದರೊಳಗೆ ಒಂದು ರೂಬಲ್ ಇಟ್ಟು ಕಳುಹಿಸಿದ್ದಳು. ಕಾಗದವೂ ರೂಬಲ್ಲೂ ಹಿಂದಿರುಗಿ ಬರುತ್ತವೆ. ಚಕ್ರವರ್ತಿಗಾಗಿ, ತಾಯ್ನಾಡಿಗಾಗಿ, ಕ್ರೈಸ್ತಧರ್ಮಕ್ಕಾಗಿ ಹೋರಾಡುತ್ತ ಮಡಿದನೆಂದು ಸೇನೆಯ ಗುಮಾಸ್ತ ತನಗೆ ರೂಢಿಯಾದ ಮಾತಿನಲ್ಲಿ ಬರೆದಿದ್ದಾನೆ. ಅದನ್ನು ಕೇಳಿದ ಮುದುಕಿ, ಕೆಲಸದ ನಡುವೆ ಬಿಡುವಿದ್ದಷ್ಟು ಹೊತ್ತು ಅತ್ತು ಮತ್ತೆ ಕೆಲಸಕ್ಕೆ ತೊಡಗುತ್ತಾಳೆ. ಮುಂದಿನ ಭಾನುವಾರ ಚರ್ಚಿಗೆ ಹೋಗಿ, ಸತ್ತವರ ಪಟ್ಟಿಯಲ್ಲಿ ಪೇತ್ರನ ಹೆಸರು ಬರೆಸಿ, ಅವನ ನೆನಪಿಗೆಂದು ಪ್ರಸಾದದ ರೊಟ್ಟಿಯ ಚೂರುಗಳನ್ನು ಅಲ್ಲಿದ್ದ ಒಳ್ಳೆಯ ಜನರಿಗೆಲ್ಲ ಹಂಚುತ್ತಾಳೆ.